ಅಣ್ಣ ಬಗ್ಗಿಸಿದ ಬ್ರೇಕ್ ಪೈಪು

ಭದ್ರಾವತಿಯ ನಮ್ಮ ಮನೆಗೆ ಎರಡು ಬಾಗಿಲು. ಒಂದು ರಸ್ತೆಗೆ, ಇನ್ನೊಂದು ಅಪ್ಪನ ಶೆಡ್ಡಿಗೆ. ರಸ್ತೆಯ ಬಾಗಿಲು ತೆರೆಯುತ್ತಿದ್ದುದು ಹಬ್ಬಕ್ಕೆ, ಸ್ವಾಮಿಗಳು ಮನೆಗೆ ಬಂದಾಗ, ಮತ್ತು ಅಮ್ಮನಿಗೆ ಅಪ್ಪನ ಮೇಲೆ ಸಿಟ್ಟು ಬಂದಾಗ. ಉಳಿದ ದಿನಗಳಲ್ಲಿ ಹಾಲಿನವಳು, ಸೊಪ್ಪಿನವಳು, ನೆಂಟರು, ಶಾಲೆಗೆ ಹೊರಟ ನಾನು, ಎಲ್ಲರೂ ಯಾವುದೋ ಒಂದು ಲಾರಿಗೆ ಮೈ ತಾಗದ ಹಾಗೆ ಲಂಗ ಸೀರೆ ಎತ್ತಿ ಹಿಡಿದುಕೊಂಡು ಶೆಡ್ಡಿನ ಮೂಲಕವೇ ಓಡಾಡಬೇಕಿತ್ತು. ಮನೆಯೆಂದರೆ ಒಂದು ಪಡಸಾಲೆ, ಒಂದು ಕೋಣೆ, ಒಂದು ಅಡಿಗೆಮನೆ. ಶೆಡ್ಡು ಈ ಮೂರನ್ನೂ ಸೇರಿಸಿದ್ದಕ್ಕಿಂತ ದೊಡ್ಡದು. ಕೋಣೆಯ ಗೋಡೆಯಲ್ಲಿ ಒಂದರ ಕೆಳಗೊಂದು ಎರಡು ಗೂಡುಗಳಿದ್ದವು. ಮೇಲಿನದರಲ್ಲಿ ಶಿವನ ಪಟ, ವಿಭೂತಿ ಗಟ್ಟಿ, ದೀಪ. ಕೆಳಗಿನದರಲ್ಲಿ ಬ್ರೇಕ್ ಆಯಿಲ್ ಡಬ್ಬ. ಆ ಡಬ್ಬ ಅಲ್ಲಿಂದ ಹೋಗಬೇಕು ಎಂದು ಅಮ್ಮ ಮದುವೆಯಾಗಿ ಬಂದ ವರ್ಷ ಶುರುಮಾಡಿದ ಜಗಳ ನಾನು ಹೈಸ್ಕೂಲಿಗೆ ಹೋಗುವವರೆಗೂ ನಡೆದಿತ್ತು.

“ದೇವರ ಕೆಳಗೆ ಲಾರಿ ಎಣ್ಣೆ ಇಡೋ ಮನೆ ಇಡೀ ಭದ್ರಾವತೀಲಿ ಇದೊಂದೇ ಇರ್ಬೇಕು.”

“ಅದಕ್ಕೆ ನೀರಿನ ಪಸೆ ತಾಗಬಾರದು ಕಣೇ. ನಿನ್ನ ಅಡಿಗೆಮನೇಲಿ ಇಡ್ಲಾ ಮತ್ತೆ?”

“ಇಡಿ, ಇಡಿ. ಒಗ್ಗರಣೆಗೂ ಅದನ್ನೇ ಹಾಕ್ತೀನಿ.”

ಅಪ್ಪ ಬ್ರೇಕ್ ಕೆಲಸದವನು. ಎಂಜಿನ್ ಬಿಚ್ಚಲು ಬೇರೆಯವರಿದ್ದರು, ಬಾಡಿ ಕಟ್ಟಲು ಬೇರೆಯವರಿದ್ದರು, ಅಪ್ಪ ಅವರ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ, ಅವರು ಅಪ್ಪನ ಕೆಲಸಕ್ಕೆ ಕೈ ಹಾಕಿದರೆ ಸುಮ್ಮನಿರುತ್ತಲೂ ಇರಲಿಲ್ಲ. ಎಷ್ಟೋ ವರ್ಷ ಮೂಲೆಯಲ್ಲಿ ನಿಂತ ಲಾರಿಯನ್ನು ಯಾರಾದರೂ ಮತ್ತೆ ಓಡಿಸಬೇಕೆಂದು ಹೊರಟರೆ ಮೊದಲು ನಮ್ಮ ಶೆಡ್ಡಿಗೆ ಎಳೆದು ತರುತ್ತಿದ್ದರು. ಅಂಥ ಗಾಡಿಗಳ ಬ್ರೇಕ್ ಪೈಪುಗಳು ತುಕ್ಕು ಹಿಡಿದು ಕೈಯಲ್ಲೇ ಪುಡಿಯಾಗುತ್ತಿದ್ದವು. ಪೆಡಲಿನ ಹತ್ತಿರದಿಂದ ನಾಲ್ಕೂ ಚಕ್ರಕ್ಕೆ ಎಣ್ಣೆ ಒಯ್ಯುವ ಈ ಪೈಪು ಕಿರುಬೆರಳಿಗಿಂತ ಸಣ್ಣದು. ಹೊಸ ಪೈಪು ಸುರುಳಿಯಾಗಿ ಬರುತ್ತಿತ್ತು. ಅದನ್ನು ಬಿಡಿಸಿ, ಅಳತೆಗೆ ಕತ್ತರಿಸಿ, ಅಂಚನ್ನು ಅರದಲ್ಲಿ ಉಜ್ಜಿ ನಯಮಾಡಿ, ನಟ್ ತೂರಿಸಿ, ಆಮೇಲೆ ಅದರ ಬಾಯಿಯನ್ನು ಹೂವಿನ ಹಾಗೆ ಅರಳಿಸಬೇಕು. ಇದಕ್ಕೆ ಅಪ್ಪನ ಭಾಷೆಯಲ್ಲಿ ‘ಬಾಯಿ ಕಟ್ಟುವುದು’ ಎಂದು ಹೆಸರು. ಹಿಡಿಕೆಯ ಪಟ್ಟಿಯಲ್ಲಿ ಪೈಪನ್ನು ಬಿಗಿದು ಒಂದು ಸಲ ಒತ್ತಿದರೆ ಬಾಯಿ ಉಬ್ಬುತ್ತದೆ, ಇನ್ನೊಂದು ಸಲ ಒತ್ತಿದರೆ ಉಬ್ಬಿದ ಅಂಚು ಒಳಕ್ಕೆ ಮಡಿಚಿಕೊಂಡು ಎರಡು ಪದರ ಆಗುತ್ತದೆ. ಒಂದೇ ಪದರ ಇಟ್ಟರೆ ಅದು ಸೀಳುತ್ತದೆ. ಇಷ್ಟೆಲ್ಲ ಮಾಡಿ ಮುಗಿಸಿದ ಮೇಲೆ ನಟ್ ತೂರಿಸುವುದನ್ನೇ ಮರೆತಿದ್ದೇವೆ ಎಂದು ಗೊತ್ತಾದರೆ ಬಾಯಿ ಕತ್ತರಿಸಿ ಎಸೆದು ಮೊದಲಿನಿಂದ ಶುರುಮಾಡಬೇಕು. ಈ ಕೆಲಸ ಮಾಡುವವರೆಲ್ಲ ಜೀವಮಾನದಲ್ಲಿ ಒಂದಲ್ಲ ಒಂದು ಸಲ ನಟ್ ಮರೆತಿರುತ್ತಾರೆ, ಮರೆತಿಲ್ಲ ಎನ್ನುವವನು ಸುಳ್ಳ ಎನ್ನುತ್ತಿದ್ದ ಅಪ್ಪ.

ಬಾಯಿ ಕಟ್ಟುವುದನ್ನು ಹೇಗೋ ಕಲಿಯಬಹುದು, ಬಗ್ಗಿಸುವುದು ಕಷ್ಟ. ಚಾಸಿಯ ಅಡಿಯಲ್ಲಿ ಪೈಪು ಎಲ್ಲಿ ತಿರುಗುತ್ತದೆ, ಎಲ್ಲಿ ಏರುತ್ತದೆ ಎಂದು ಮೊದಲು ತಂತಿಯಲ್ಲಿ ಮಾದರಿ ಮಾಡಿಕೊಳ್ಳಬೇಕು. ಆ ತಂತಿಯ ಪ್ರಕಾರ ಪೈಪನ್ನು ಸ್ವಲ್ಪ ಸ್ವಲ್ಪವೇ, ತಿರುವಿನಲ್ಲಿ ಪೈಪಿನ ಹೊಟ್ಟೆ ಚಪ್ಪಟೆಯಾಗಿ ಒಳಗೆ ಹೋಗದ ಹಾಗೆ, ಮೊಣಕೈ ಬಲದಲ್ಲಿ ಅಲ್ಲ, ಹೆಬ್ಬೆರಳ ಬಲದಲ್ಲಿ ತಿರುಗಿಸಬೇಕು. ಒಮ್ಮೆ ಬಗ್ಗಿಸಿದ್ದನ್ನು ಮತ್ತೆ ನೆಟ್ಟಗೆ ಮಾಡಬಾರದು. ತಪ್ಪಾಯಿತೋ, ಆ ಪೈಪನ್ನು ಬಿಸಾಕಿ ಹೊಸದು ತೆಗೆದುಕೊ. ಯಾಕೆಂದರೆ ಬಗ್ಗಿ ನೆಟ್ಟಗಾದ ಜಾಗ ಮೇಲೆ ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗೆ ಜೀವ ಹೋಗಿರುತ್ತದೆ. ಇದು ನಮ್ಮ ಮನೆಯಲ್ಲಿ ಮಗ್ಗಿಗಿಂತ ಮೊದಲು ಕಲಿಸಿದ ಪಾಠ. ತಯಾರಾದ ಪೈಪುಗಳನ್ನು ಶೆಡ್ಡಿನಲ್ಲಿ ಬಿಡುತ್ತಿರಲಿಲ್ಲ, ಯಾರಾದರೂ ತುಳಿದಾರು ಎಂದು ಪಡಸಾಲೆಯ ಗೋಡೆಯ ಮೊಳೆಗಳ ಮೇಲೆ ಉದ್ದಕ್ಕೆ ಮಲಗಿಸಿ ಇಡುತ್ತಿದ್ದರು. ಬೇರೆಯವರ ಮನೆಯ ಪಡಸಾಲೆಯಲ್ಲಿ ಕ್ಯಾಲೆಂಡರ್ ಇರುವ ಜಾಗದಲ್ಲಿ ನಮ್ಮಲ್ಲಿ ಬ್ರೇಕ್ ಪೈಪು ಇರುತ್ತಿತ್ತು.

ಅಪ್ಪನಿಗೆ ಒಂದು ಪದ್ಧತಿ ಇತ್ತು. ಗಾಡಿಗೆ ಹೊಸದಾಗಿ ಬ್ರೇಕ್ ಪೈಪು ಹಾಕಿದ ಮೇಲೆ, ಅದು ಮೊದಲ ಸಲ ರಸ್ತೆಗೆ ಇಳಿಯುವಾಗ ಪೈಪು ಮಾಡಿದವನ ಮನೆಯವರೆಲ್ಲ ಅದರಲ್ಲಿ ಕೂರಬೇಕು. ನನ್ನ ಹೆಂಡತಿ ಮಕ್ಕಳು ಕೂರದ ಗಾಡಿಯಲ್ಲಿ ಇನ್ನೊಬ್ಬರ ಹೆಂಡತಿ ಮಕ್ಕಳು ಯಾಕೆ ಕೂರಬೇಕು ಎಂದು ಕೇಳುತ್ತಿದ್ದ. ಹಾಗಾಗಿ ನಮ್ಮ ಮನೆಗೆ ಸಿನಿಮಾ ಇಲ್ಲ, ಜಾತ್ರೆ ಇಲ್ಲ, ಲಾರಿ ಸವಾರಿ ಮಾತ್ರ ಯಥೇಚ್ಛ. ಅಮ್ಮ ಮಂಡಕ್ಕಿಗೆ ಈರುಳ್ಳಿ, ಖಾರದಪುಡಿ, ಕೊಬ್ಬರಿ ಎಣ್ಣೆ ಕಲಸಿ ಡಬ್ಬಿಗೆ ತುಂಬುತ್ತಿದ್ದಳು. ನಾನು ಹಬ್ಬದ ಲಂಗ ಹಾಕುತ್ತಿದ್ದೆ. ಅಣ್ಣ ಹಿಂದೆ ನಿಂತು ಕೂಗುತ್ತಿದ್ದ. ಭದ್ರಾ ನದಿಯ ಸೇತುವೆಯ ಇಳಿಜಾರಿನಲ್ಲಿ ಅಪ್ಪ “ಹಿಡಿ” ಎಂದ ತಕ್ಷಣ ಡ್ರೈವರ್ ಬ್ರೇಕ್ ತುಳಿಯಬೇಕು, ನಾವೆಲ್ಲ ಮುಂದಕ್ಕೆ ಮುಗ್ಗರಿಸಬೇಕು, ಮಂಡಕ್ಕಿ ಚೆಲ್ಲಬೇಕು. ಅಮ್ಮ ಬೈಯುತ್ತಾ ಬೈಯುತ್ತಾ ನಗುತ್ತಿದ್ದಳು. ಅಪ್ಪನಿಗೆ ನಮ್ಮ ಮೇಲೆ ಪ್ರೀತಿ ಇದೆ ಎಂದು ನಮಗೆ ಗೊತ್ತಾಗುತ್ತಿದ್ದುದು ಆ ಇಳಿಜಾರಿನಲ್ಲಿ.

ಯಾಕೆಂದರೆ ಉಳಿದ ಹೊತ್ತಿನಲ್ಲಿ ಅಪ್ಪನ ಮುಖದಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಅವನು ಮಕ್ಕಳಿಗೆ ಹೊಡೆದವನೇ ಅಲ್ಲ. ತಪ್ಪು ಮಾಡಿದರೆ ಮಾತು ಬಿಡುತ್ತಿದ್ದ. ತಪ್ಪು ಮಾಡಿ ಒಪ್ಪಿಕೊಂಡರೆ ಅರ್ಧ ದಿನ, ಮುಚ್ಚಿಟ್ಟರೆ ಎಷ್ಟು ದಿನವೋ ಶಿವನಿಗೇ ಗೊತ್ತು. ನಾನು ಒಮ್ಮೆ ಅವನ ಅರವನ್ನು ಬಾವಿಗೆ ಬೀಳಿಸಿ ಸುಮ್ಮನಿದ್ದೆನೆಂದು ಇಡೀ ಒಂದು ಶ್ರಾವಣ ನನ್ನ ಜೊತೆ ಮಾತಾಡಲಿಲ್ಲ. ಎದುರಿಗೆ ಕೂತು ಉಣ್ಣುತ್ತಿದ್ದ, ನನ್ನ ತಟ್ಟೆಗೆ ತನ್ನ ಪಾಲಿನ ತುಪ್ಪವನ್ನೂ ಹಾಕುತ್ತಿದ್ದ, ಮಾತು ಮಾತ್ರ ಇಲ್ಲ. ನಾನು ಸೊರಗಿ ಕಡ್ಡಿಯಾದೆ. ಆ ತಿಂಗಳು ನನಗಿಂತ ಅಮ್ಮ ಹೆಚ್ಚು ಹೆದರಿದ್ದಳು.

ನಾನು ಹೇಳಬೇಕಾದ ಲಾರಿ ಬಂದಾಗ ನನಗೆ ಹನ್ನೊಂದು, ಅಣ್ಣ ಮಂಜನಿಗೆ ಹದಿನೆಂಟು. ಆಯನೂರಿನ ಗಂಗಾಧರಪ್ಪನವರು ತಮ್ಮ ತಂದೆ ಓಡಿಸುತ್ತಿದ್ದ ಲಾರಿಯನ್ನು ಹುಣಸೆ ಮರದ ಕೆಳಗಿನಿಂದ ಎಬ್ಬಿಸಿ ತಂದಿದ್ದರು. ಕ್ಯಾಬಿನ್ನಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಗಂಗಾಧರಪ್ಪನವರು ಆ ಮೊಟ್ಟೆಗಳನ್ನು ಟವೆಲಿನಲ್ಲಿ ಸುತ್ತಿ ಅಮ್ಮನಿಗೆ ಕೊಡಲು ಹೋಗಿ, ಇವರು ಲಿಂಗ ಕಟ್ಟುವ ಮನೆಯವರು ಎಂದು ನೆನಪಾಗಿ, ತಮ್ಮದೂ ಅಂಥದೇ ಮನೆಯೆಂದೂ ನೆನಪಾಗಿ, ಪೆಚ್ಚುಪೆಚ್ಚಾಗಿ ಪಕ್ಕದ ತಮಿಳರ ಮನೆಗೆ ದಾಟಿಸಿದರು. ತುಂಬಾ ಒಳ್ಳೆಯ ಮನುಷ್ಯ. ತಂದೆಯ ಲಾರಿ ಮತ್ತೆ ಮನೆ ಮುಂದೆ ನಿಲ್ಲಬೇಕು ಎನ್ನುವುದೊಂದೇ ಅವರ ಆಸೆ. ಅಪ್ಪ ಲಾರಿಯ ಸುತ್ತ ಒಂದು ಸುತ್ತು ಬಂದು, ಅಡಿಯಲ್ಲಿ ಮಲಗಿ ನೋಡಿ, ಎದ್ದು ಕೈ ಒರೆಸಿಕೊಂಡು ಅಣ್ಣನ ಕಡೆ ತಿರುಗಿದ.

“ಇದು ನಿಂದು ಮಂಜು. ಒಂದು ಪೈಪೂ ನಾನು ಮುಟ್ಟಲ್ಲ.”

ಅಣ್ಣ ಆವತ್ತು ಮೂರು ರೊಟ್ಟಿ ಹೆಚ್ಚು ತಿಂದ. ಹದಿನೈದು ದಿನ ಅವನು ಲಾರಿಯ ಅಡಿಯಲ್ಲೇ ಇದ್ದ. ತಂತಿ ಮಾದರಿಗಳನ್ನು ಅಡಿಗೆಮನೆಗೆ ತಂದು ಅಮ್ಮನಿಗೆ ತೋರಿಸುತ್ತಿದ್ದ. ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಾ, ಏನೂ ಅರ್ಥವಾಗದಿದ್ದರೂ, “ಇಲ್ಲಿ ಸ್ವಲ್ಪ ಸೊಟ್ಟ ಅನ್ಸುತ್ತಪ್ಪ” ಎನ್ನುತ್ತಿದ್ದಳು. ಅಣ್ಣ ಹೌದಾ ಎಂದು ಓಡುತ್ತಿದ್ದ. ಅವನು ಬಗ್ಗಿಸಿದ ಪೈಪನ್ನು ನೋಡುವುದೇ ಒಂದು ಚಂದ. ಎಲ್ಲಿಯೂ ಹೊಟ್ಟೆ ಒಳಗೆ ಹೋಗಿರಲಿಲ್ಲ, ಒಂದು ತಿರುವಿಗೂ ಇನ್ನೊಂದಕ್ಕೂ ಒಂದೇ ಅಳತೆ. ಅಪ್ಪ ಬಂದು ಬಾಯಿಯ ಮೇಲೆ ಹೆಬ್ಬೆರಳಾಡಿಸಿ, “ಹ್ಞೂಂ” ಎಂದು ಹೋಗುತ್ತಿದ್ದ. ಆ ಹ್ಞೂಂಕಾರವನ್ನು ಅಣ್ಣ ಊಟದ ಹೊತ್ತಿನಲ್ಲಿ ನನಗೆ ಹತ್ತು ಸಲ ಅನುಕರಿಸಿ ತೋರಿಸುತ್ತಿದ್ದ. ಎಲ್ಲಕ್ಕಿಂತ ಉದ್ದದ ಪೈಪು, ಚಾಸಿಯ ಉದ್ದಕ್ಕೂ ಹಿಂದಿನ ಚಕ್ರದವರೆಗೆ ಹೋಗುವಂಥದ್ದು, ಕೊನೆಗೆ ತಯಾರಾಯಿತು. ಅದಕ್ಕೆ ಎರಡು ತುದಿಯಲ್ಲಿ ಮಾತ್ರ ತಿರುವು, ನಡುವೆ ನೆಟ್ಟಗೆ. ಅದನ್ನು ಪಡಸಾಲೆಯ ಮೊಳೆಗಳ ಮೇಲೆ ಮಲಗಿಸಿದರು.

ಮರುದಿನ ಅಮ್ಮ ಶಿವರಾತ್ರಿಗೆಂದು ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಒಗೆಯಲು ಕೂತಳು. ಹಗ್ಗ ತುಂಬಿತು, ಬೇಲಿ ತುಂಬಿತು. ಕೊನೆಗೆ ನೀರು ಸುರಿಯುವ ಜಮಖಾನೆಯನ್ನು ನನ್ನ ತೋಳ ಮೇಲೆ ಹೇರಿ, “ಎಲ್ಲಾದ್ರೂ ಹಾಕಿ ಬಾ ಮಾರಾಯ್ತಿ, ನನ್ನ ಕೈಲಿ ಆಗಲ್ಲ” ಎಂದಳು. ಪಡಸಾಲೆಗೆ ಆ ಹೊತ್ತಿನಲ್ಲಿ ಒಳ್ಳೆಯ ಬಿಸಿಲು ಬೀಳುತ್ತಿತ್ತು. ನಾನು ಸ್ಟೂಲು ಹತ್ತಿ ಜಮಖಾನೆಯನ್ನು ಪೈಪಿನ ಮೇಲೆ ಎಸೆದೆ. ಎಸೆದ ಮರುಗಳಿಗೆಯೇ ಪೈಪು ಎರಡು ಮೊಳೆಗಳ ನಡುವೆ ಜೋತುಬಿದ್ದು, ಒಂದು ಮೊಳೆಯ ಹತ್ತಿರ ಮುರಿದ ಹಾಗೆ ಬಗ್ಗಿತು. ನಾನು ಜಮಖಾನೆ ಎಳೆದು ಬಿಸಾಕಿದೆ. ಶೆಡ್ಡಿನಲ್ಲಿ ಅಪ್ಪನ ಕೆಮ್ಮು ಕೇಳುತ್ತಿತ್ತು. ಪೈಪನ್ನು ಇಳಿಸಿ, ಮೊಣಕಾಲಿಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ನೆಟ್ಟಗೆ ಮಾಡಿದೆ. ನಾನು ಅಪ್ಪನ ಮಗಳು, ಕಣ್ಣಳತೆ ಚೆನ್ನಾಗಿತ್ತು. ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರೆ ಗೆರೆ ಎಳೆದ ಹಾಗೆ ಇತ್ತು. ಮೊಳೆಗಳ ಮೇಲೆ ಇಟ್ಟು ತಿರುಗಿದರೆ ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಅವಳು ಪೈಪು ನೋಡಿದಳು, ನನ್ನನ್ನು ನೋಡಿದಳು.

“ಒಳಗೆ ಬಾ, ಜಡೆ ಹಾಕ್ತೀನಿ,” ಎಂದಳು.

ಎರಡು ದಿನ ಬಿಟ್ಟು ಪೈಪುಗಳನ್ನು ಲಾರಿಗೆ ಕೂರಿಸಿ, ಎಣ್ಣೆ ತುಂಬಿಸಿ, ಪೈಪಿನೊಳಗೆ ಸಿಕ್ಕಿಕೊಂಡ ಏರ್ ತೆಗೆಯಲು ಶುರುಮಾಡಿದರು. ಅಣ್ಣ ಮೇಲೆ ಕೂತು ಪೆಡಲ್ ಒತ್ತುವುದು, ಅಪ್ಪ ಒಂದೊಂದೇ ಚಕ್ರದ ಹತ್ತಿರ ಕೂತು ಗುಳ್ಳೆ ಬರುವುದು ನಿಲ್ಲುವವರೆಗೆ ತಿರುಪು ಸಡಿಲಿಸಿ ಬಿಗಿ ಮಾಡುವುದು. “ಒತ್ತು, ಹಿಡ್ಕೋ, ಬಿಡು” ಎನ್ನುವ ಅಪ್ಪನ ದನಿ ಕೇಳುತ್ತಾ ನಾನು ಪಡಸಾಲೆಯಲ್ಲಿ ಕಾಪಿ ಬರೆಯುತ್ತಿದ್ದೆ. ನಾಲ್ಕನೆಯ ಚಕ್ರಕ್ಕೆ ಬಂದಾಗ ಅಣ್ಣ, “ಅಪ್ಪಾ, ಪೆಡಲ್ ಕೆಳಗೆ ಹೋಯ್ತು” ಎಂದ. ಚಾಸಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅಪ್ಪ ಲಾರಿಯ ಕೆಳಗೆ ನುಗ್ಗಿ, ಉದ್ದದ ಪೈಪನ್ನು ಬಿಚ್ಚಿ ಹೊರಗೆ ತಂದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು ಇಂಚು ಇಂಚಾಗಿ ನೋಡಿದ. ನೆಟ್ಟಗಿನ ಭಾಗದಲ್ಲಿ, ಕೂದಲೆಳೆಯಷ್ಟು ಸೀಳು.

“ಇಲ್ಲಿ ಬಗ್ಗಿಸಿ ನೆಟ್ಟಗೆ ಮಾಡಿದ್ದೀಯ.”

“ಇಲ್ಲಪ್ಪ. ಅಲ್ಲಿ ತಿರುವೇ ಇಲ್ಲ, ನಾನ್ಯಾಕೆ ಬಗ್ಗಿಸ್ಲಿ?”

“ತಪ್ಪಾದ್ರೆ ತಪ್ಪಾಯ್ತು ಅನ್ನು. ಪೈಪು ಇನ್ನೊಂದು ಬರುತ್ತೆ.”

“ಮಾಡಿದ್ರೆ ತಾನೇ ಅನ್ನೋದು!”

“ಪೈಪು ಸುಳ್ಳು ಹೇಳಲ್ಲ ಮಂಜು.”

“ಹಾಗಾದ್ರೆ ನಾನು ಹೇಳ್ತಿದೀನಾ?”

ಅಪ್ಪ ಆ ಪೈಪನ್ನು ಅವನ ಕೈಗೆ ಕೊಟ್ಟ. ನಾನು ಎದ್ದು ಬಂದು ಶೆಡ್ಡಿನ ಹೊಸ್ತಿಲ ಮೇಲೆ ನಿಂತಿದ್ದೆ. ಹೇಳಬೇಕು ಎಂದುಕೊಂಡೆ, ದೇವರಾಣೆ ಎಂದುಕೊಂಡೆ. ಬಾಯಿ ತೆರೆದೆ ಕೂಡ. ಆಗ ಹಿಂದಿನಿಂದ ಅಮ್ಮನ ಒದ್ದೆ ಕೈ ನನ್ನ ಭುಜದ ಮೇಲೆ ಬಂತು.

“ಗಿರಿಜಾ, ಒಲೆ ಮೇಲೆ ಹಾಲಿದೆ, ಉಕ್ಕುತ್ತೆ ನೋಡು ಹೋಗು.”

ಒಲೆಯ ಮೇಲೆ ಹಾಲು ಇರಲಿಲ್ಲ. ನಾನು ಆರಿದ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅಳಲು ಪ್ರಯತ್ನಿಸಿದೆ, ಅಳುವೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮ ಬಂದು ನನ್ನ ಪಕ್ಕದಲ್ಲೇ ಕೂತಳು. ಅಪ್ಪ ಮಗ ಇವತ್ತು ಕಚ್ಚಾಡುತ್ತಾರೆ, ನಾಳೆ ಒಂದಾಗುತ್ತಾರೆ, ನಿನ್ನ ಹೆಸರು ಬಂದರೆ ಅಪ್ಪ ನಿನ್ನ ಜೊತೆ ಇನ್ನು ಮಾತೇ ಆಡುವುದಿಲ್ಲ, ನೀನು ತಡೆಯುವುದಿಲ್ಲ ಎಂದು ನನಗೋ ತನಗೋ ಎನ್ನುವ ಹಾಗೆ ಹೇಳಿದಳು. ಅವಳು ಕೆಟ್ಟವಳಲ್ಲ. ಇಬ್ಬರು ಮಕ್ಕಳಲ್ಲಿ ಯಾರು ಗಟ್ಟಿ ಎಂದು ಲೆಕ್ಕ ಹಾಕಿ, ಗಟ್ಟಿಯವನ ತಲೆಯ ಮೇಲೆ ಭಾರ ಹೊರಿಸಿದಳು. ಆ ಲೆಕ್ಕ ತಪ್ಪಿತು.

ಅಣ್ಣ ಒಂದೇ ದಿನದಲ್ಲಿ ಹೊಸ ಪೈಪು ಮಾಡಿದ. ಅಪ್ಪ ಅದನ್ನು ತಾನೇ ಮುಟ್ಟಿ ನೋಡಿದ, ಹ್ಞೂಂ ಎನ್ನಲಿಲ್ಲ. ಏರ್ ತೆಗೆದರು. ಪೆಡಲ್ ಕಲ್ಲಿನ ಹಾಗೆ ನಿಂತಿತು. ಲಾರಿ ಹೊರಡುವ ತನಕ ಇಬ್ಬರೂ ಒಂದು ಮಾತೂ ಆಡಲಿಲ್ಲ. ಊಟಕ್ಕೆ ಕೂತರೆ ಅಮ್ಮನ ಮೂಲಕ ಉಪ್ಪು ಕೇಳುತ್ತಿದ್ದರು. ನಾನು ಮನಸ್ಸಿನಲ್ಲೇ ಸೇತುವೆಯ ಇಳಿಜಾರನ್ನು ಕಾಯುತ್ತಿದ್ದೆ. ಅಲ್ಲಿ ಅಪ್ಪ ಹಿಡಿ ಎನ್ನುತ್ತಾನೆ, ಲಾರಿ ನಿಲ್ಲುತ್ತದೆ, ಮಂಡಕ್ಕಿ ಚೆಲ್ಲುತ್ತದೆ, ಎಲ್ಲ ಮುಗಿಯುತ್ತದೆ ಎಂದು ಹನ್ನೊಂದು ವರ್ಷದ ನನ್ನ ಬುದ್ಧಿಗೆ ನಂಬಿಕೆ ಇತ್ತು.

ಗಂಗಾಧರಪ್ಪನವರು ಬೆಳಿಗ್ಗೆಯೇ ಬಂದು ರೇಡಿಯೇಟರಿಗೆ ವಿಭೂತಿ ಬಳಿದು ಕಾಯಿ ಒಡೆದರು. ತಾವೇ ಓಡಿಸುತ್ತೇನೆಂದು ಸ್ಟೇರಿಂಗ್ ಹಿಡಿದು ಕೂತರು. ಅಣ್ಣ ಅವರ ಪಕ್ಕದಲ್ಲಿ. ಅವನು ಬಿಳಿ ಅಂಗಿ ಹಾಕಿದ್ದ. ಅಮ್ಮ ಡಬ್ಬಿ ಹಿಡಿದು ಮೆಟ್ಟಿಲಿಗೆ ಕಾಲಿಟ್ಟಿದ್ದಳು, ನಾನು ಅವಳ ಸೆರಗು ಹಿಡಿದಿದ್ದೆ. ಅಪ್ಪ ಶೆಡ್ಡಿನ ಕಂಬದ ಹತ್ತಿರವೇ ನಿಂತಿದ್ದ.

“ಇಳಿ ಕೆಳಗೆ,” ಎಂದ ಅಮ್ಮನಿಗೆ.

“ಏನ್ರೀ ಹಾಗಂದ್ರೆ? ಮಗ ಮಾಡಿದ ಮೊದಲ್ನೇ ಗಾಡಿ.”

“ಬ್ರೇಕ್ ಸರಿಯಾಗಿದೆ. ನಾನೇ ನೋಡಿದೀನಿ, ಸಾಹುಕಾರ್ರು ಧೈರ್ಯವಾಗಿ ಓಡಿಸ್ಲಿ. ಆದ್ರೆ ತಪ್ಪು ಮುಚ್ಚಿಡೋ ಕೈ ಮಾಡಿದ ಗಾಡೀಲಿ ನನ್ನ ಮನೆಯವ್ರು ಕೂರಲ್ಲ.”

“ಇರ್ಲಿ ಬಿಡ್ರಿ, ಹುಡುಗ,” ಎಂದರು ಗಂಗಾಧರಪ್ಪನವರು.

ಅಮ್ಮ ಇಳಿದಳು. ಅವಳಾದರೂ ಆಗ ಹೇಳಬಹುದಿತ್ತು, ನಾನಾದರೂ ಹೇಳಬಹುದಿತ್ತು. ಇಬ್ಬರೂ ಅಣ್ಣನ ಮುಖ ನೋಡಲಾರದೆ ಚಕ್ರ ನೋಡಿದೆವು. ಲಾರಿ ಹೊರಟಿತು. ರಸ್ತೆಯ ಮೂಲೆಯಲ್ಲಿ, ದೊಡ್ಡ ರಸ್ತೆಗೆ ಸೇರುವ ಮೊದಲು, ಬ್ರೇಕ್ ಹಿಡಿದು ನಿಂತಿತು. ಒಂದಿಷ್ಟೂ ಜಾರದೆ, ಎಡಕ್ಕೂ ಬಲಕ್ಕೂ ಎಳೆಯದೆ ನಿಂತಿತು. ಅಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂತಿರುಗಿ ನೋಡಿದ. ಅಡ್ಡ ಬರುವ ಗಾಡಿಗೆ ನಿಲ್ಲಿಸಿದರೋ, ಅವನೇ ನಿಲ್ಲಿಸಿ ಎಂದನೋ ನನಗೆ ತಿಳಿಯದು. ಓಡಿದ್ದರೆ ಸಿಗುತ್ತಿತ್ತು. ನಾನು ಓಟದಲ್ಲಿ ಶಾಲೆಗೇ ಮೊದಲು. ನನ್ನ ಕಾಲುಗಳು ಆವತ್ತು ಯಾಕೆ ನೆಲಕ್ಕೆ ಅಂಟಿದವೋ, ಇವತ್ತಿಗೂ ಅವುಗಳ ಮೇಲೆ ನನಗೆ ಸಿಟ್ಟಿದೆ.

ಅಣ್ಣ ಆಯನೂರಿನಲ್ಲೇ ಉಳಿದ. ಗಂಗಾಧರಪ್ಪನವರು ಹೇಳಿ ಕಳಿಸಿದರು, ಸ್ವಲ್ಪ ದಿನ ಇಲ್ಲಿರಲಿ, ಮನಸ್ಸು ತಿಳಿಯಾಗಲಿ ಎಂದು. ಸ್ವಲ್ಪ ದಿನ ವರ್ಷವಾಯಿತು. ಅವನು ಅಲ್ಲಿ ಶಾಲೆಯ ಎದುರು ಪುಸ್ತಕ, ಪೆನ್ಸಿಲ್, ಬಣ್ಣದ ಕಾಗದ ಮಾರುವ ಅಂಗಡಿ ಇಟ್ಟ. ಲಾರಿಯ ಅಡಿ ಮಲಗಿ ಹಾಡು ಹೇಳುತ್ತಿದ್ದವನು ರಬ್ಬರು ಮಾರುತ್ತಾನೆ ಎಂದು ಭದ್ರಾವತಿಯಲ್ಲಿ ಎಲ್ಲರೂ ನಕ್ಕರು. ಅಪ್ಪನಷ್ಟೇ ಹಠಮಾರಿ, ಅಪ್ಪನ ಮೇಲಿನ ಸೇಡಿಗೆ ಕಬ್ಬಿಣ ಬಿಟ್ಟ ಎಂದು ನಾವೂ ತಿಳಿದೆವು. ಹಬ್ಬಕ್ಕೆ ಬರುತ್ತಿದ್ದ, ಪಡಸಾಲೆಯಲ್ಲಿ ಕೂತು ಉಂಡು ಹೋಗುತ್ತಿದ್ದ. ಅಪ್ಪ “ಊಟ ಆಯ್ತಾ” ಎನ್ನುತ್ತಿದ್ದ, ಅಣ್ಣ “ಹ್ಞೂಂ, ಆಯ್ತು” ಎನ್ನುತ್ತಿದ್ದ. ಅಣ್ಣನ ಮದುವೆಯಲ್ಲೂ ಅಷ್ಟೇ, ಅಪ್ಪನ ಕೊನೆಯ ಕಾಯಿಲೆಯಲ್ಲೂ ಅಷ್ಟೇ. ಆ ಲಾರಿ ಮಾತ್ರ ಎಷ್ಟೋ ವರ್ಷ ಆಯನೂರು ಶಿವಮೊಗ್ಗದ ನಡುವೆ ಓಡಿತು, ಅದರ ಬ್ರೇಕಿನ ಬಗ್ಗೆ ಯಾರೂ ಒಂದು ದೂರು ಹೇಳಿದ್ದನ್ನು ನಾನು ಕೇಳಲಿಲ್ಲ.

ಅಪ್ಪನಿಗೆ ಹೇಳಬೇಕೆಂದು ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಅವನು ಉಣ್ಣುವಾಗ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಅಮ್ಮ ಅಡಿಗೆಮನೆಯಿಂದ ನನ್ನ ಮುಖ ನೋಡಿ ಒಂದು ಕೆಲಸ ಹೇಳುತ್ತಿದ್ದಳು. ದಿನ ಹೋದ ಹಾಗೆ ಹೇಳುವುದು ಸುಲಭವಾಗುತ್ತದೆ ಎನ್ನುತ್ತಾರಲ್ಲ, ಅದು ಶುದ್ಧ ಸುಳ್ಳು. ಅಪ್ಪ ತಿಳಿಯದೆಯೇ ಹೋದ. ಅವನ ಮಣ್ಣು ಮುಗಿಸಿ ಬಂದ ದಿನ ನಾನು ಅಮ್ಮನಿಗೆ, ಇನ್ನು ಅಣ್ಣನಿಗಾದರೂ ಹೇಳುತ್ತೇನೆ ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

“ನಾನು ಹೋದ್ಮೇಲೆ ಹೇಳ್ಕೊ ಗಿರಿ. ಇರೋ ತನಕ ಅವ್ನು ನನ್ನ ಅಮ್ಮ ಅಂತ ಕರೀಲಿ.”

ಆ ಮಾತಿಗೆ ಕಟ್ಟುಬಿದ್ದೆ. ಶಿವಮೊಗ್ಗದಲ್ಲಿ ಟೀಚರಾಗಿ ಮೂವತ್ತು ವರ್ಷ ಕೆಲಸ ಮಾಡಿದೆ. ಬಸ್ ಕಂಡಕ್ಟರಿನಿಂದ ಹಿಡಿದು ಹೆಡ್ಮಾಸ್ತರರವರೆಗೆ ಎಲ್ಲರ ಜೊತೆ ಜಗಳವಾಡುವ ಬಾಯಿ ನನ್ನದು. ಆದರೆ ತರಗತಿಯಲ್ಲಿ ಏನಾದರೂ ಒಡೆದರೆ, ಕಳೆದರೆ, ಯಾರು ಮಾಡಿದ್ದು ಎಂದು ನಾನು ಒಂದು ಸಲವೂ ಕೇಳಲಿಲ್ಲ. ತುಂಬಾ ಸಡಿಲ ಬಿಡುತ್ತೀರಿ ಎಂದು ಜೊತೆಯವರು ಬೈಯುತ್ತಿದ್ದರು. ನಾನು ಕೇಳಿಬಿಟ್ಟರೆ ಯಾವುದೋ ಒಂದು ಮಗು ತಪ್ಪು ಹೆಸರಿಗೆ ಸಿಕ್ಕಿಬೀಳುತ್ತದೆ ಎನ್ನುವ ಭಯವನ್ನು ಅವರಿಗೆ ಹೇಗೆ ವಿವರಿಸುವುದು?

ಅಮ್ಮ ತುಂಬಿದ ವಯಸ್ಸಿನಲ್ಲಿ ಹೋದಳು. ಮಾತಿನ ಕಟ್ಟು ಕಳಚಿದರೂ ನಾನು ಇವತ್ತು ನಾಳೆ ಎಂದು ಒಂದು ವರ್ಷ ಮುಂದೂಡಿದೆ. ಅವಳ ವರ್ಷದ ಪೂಜೆಗೆ ಅಣ್ಣ ಶಿವಮೊಗ್ಗದ ರವೀಂದ್ರನಗರದ ನನ್ನ ಮನೆಗೆ ಬಂದ. ಈಗ ಅವನಿಗೆ ಎಪ್ಪತ್ತು ದಾಟಿದೆ, ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ ಸಂತೋಷ್ ಎನ್ನುವ ಹುಡುಗ, ಬ್ಯಾಂಕಿನ ಕೆಲಸದವನು, ಒಂದು ಹಳೆಯ ಲಾರಿ ತಂದು ರಿಪೇರಿ ಮಾಡುತ್ತಿದ್ದಾನೆ. ಅವನಿಗೆ ಅದೊಂದು ಹುಚ್ಚು. ಭಾನುವಾರವೆಲ್ಲ ಮೊಬೈಲಿನಲ್ಲಿ ನೋಡಿಕೊಂಡು ಬ್ರೇಕ್ ಪೈಪಿಗೆ ಬಾಯಿ ಕಟ್ಟಲು ಹೋಗಿ ಒಂದೊಂದನ್ನೇ ಹಾಳುಮಾಡುತ್ತಿದ್ದ. ಊಟ ಮುಗಿಸಿ ನಾವಿಬ್ಬರೂ ಕಾಂಪೌಂಡಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಾಗ ನಾನು ಕೂಗಿ ಹೇಳಿದೆ, ನಮ್ಮ ಅಣ್ಣನನ್ನು ಕೇಳಪ್ಪ, ಅವನಿಗೆ ಗೊತ್ತು ಎಂದು. ಸಂತೋಷ್ ಸಂತೋಷದಿಂದಲೇ ಓಡಿಬಂದ.

“ನಂಗೆ ಬರಲ್ಲಪ್ಪ,” ಎಂದ ಅಣ್ಣ.

ಸಂತೋಷ್ ಪೆಚ್ಚಾಗಿ ವಾಪಸು ಹೋದ. ನನಗೆ ರೇಗಿತು.

“ಬರಲ್ಲ ಅಂತ ಯಾಕೆ ಸುಳ್ಳು ಹೇಳ್ತೀಯೋ? ಅಪ್ಪನ ಮೇಲಿನ ಹಠಾನ ಆ ಹುಡುಗನ ಮೇಲೆ ಯಾಕೆ ತೀರಿಸ್ಕೊಳ್ತೀಯ?”

“ಹಠ ಅಲ್ಲ ಗಿರಿ,” ಎಂದ. “ಅಪ್ಪನಿಗೆ ಯಾವತ್ತೂ ಕಣ್ಣು ತಪ್ಪಿದ್ದಿಲ್ಲ. ಆ ಪೈಪು ಬಗ್ಗಿ ನೆಟ್ಟಗಾಗಿತ್ತು, ಆಮೇಲೆ ನಾನೂ ನೋಡಿದೆ. ಮನೇಲಿ ಬೇರೆ ಯಾರು ಮುಟ್ತಾರೆ? ನಾನೇ ಎಲ್ಲೋ ಮೈಮರೆತು ಮಾಡಿರ್ಬೇಕು. ಮಾಡಿದ್ದು ಕೂಡ ನೆನಪಿಲ್ಲ ಅಂದ್ಮೇಲೆ ಆ ಕೈನ ಹೇಗೆ ನಂಬೋದು? ನಾಳೆ ಯಾರದೋ ಗಾಡಿ ಇಳಿಜಾರಲ್ಲಿ ನಿಲ್ದೆ ಹೋದ್ರೆ? ಅದಕ್ಕೇ ಬಿಟ್ಟೆ.”

ನಾನು ಹೇಳಿದೆ. ಜಮಖಾನೆ, ಸ್ಟೂಲು, ಮೊಣಕಾಲು, ಇಲ್ಲದ ಹಾಲು, ಅಮ್ಮನ ಕೈ, ಅಮ್ಮನ ಮಾತು, ಒಂದನ್ನೂ ಬಿಡದೆ ಹೇಳಿದೆ. ಅಳುತ್ತಾ ಹೇಳಿದೆನೋ ಕೂಗುತ್ತಾ ಹೇಳಿದೆನೋ ನೆನಪಿಲ್ಲ. ಅವನು ಬೈಯಲಿ ಎಂದು ಕಾದೆ. ಇಷ್ಟು ವರ್ಷ ನಾನು ಅವನ ಬೈಗುಳಕ್ಕೆ ತಯಾರಾಗಿದ್ದೆ, ಮಾತು ಬಿಡುವುದಕ್ಕೂ ತಯಾರಾಗಿದ್ದೆ. ಅವನ ಕೋಪವನ್ನು ಹೊರುವುದಷ್ಟೇ ನನ್ನ ಪಾಲಿನ ಕೆಲಸ ಎಂದುಕೊಂಡಿದ್ದೆ. ಅವನಿಗೆ ಕೋಪವೇ ಇರಲಿಲ್ಲ, ಅವನು ಅಪ್ಪನನ್ನು ನಂಬಿಬಿಟ್ಟಿದ್ದ ಎನ್ನುವುದು ನನ್ನ ತಲೆಗೆ ಬಂದಿರಲೇ ಇಲ್ಲ.

“ಅಮ್ಮನಿಗೂ ಗೊತ್ತಿತ್ತಾ?” ಎಂದಷ್ಟೇ ಕೇಳಿದ.

“ಗೊತ್ತಿತ್ತು.”

ಅವನು ಎದ್ದು ಚಪ್ಪಲಿ ಮೆಟ್ಟಿದ. ಬಸ್ಸಿಗೆ ಹೊರಟ ಎಂದುಕೊಂಡೆ. ಅವನು ಗೇಟು ದಾಟಿ ಪಕ್ಕದ ಸೈಟಿಗೆ ಹೋದ. ಸಂತೋಷನ ಕೈಯಿಂದ ಪೈಪು ಈಸಿಕೊಂಡು, ಅಂಚಿಗೆ ಬೆರಳಾಡಿಸಿ, ಅರದಲ್ಲಿ ಎರಡು ಸಲ ಉಜ್ಜಿ, ನಟ್ ತೂರಿಸಿ, ಪಟ್ಟಿಯಲ್ಲಿಟ್ಟು ಬಿಗಿದ. ನಾನು ಅವನ ಹಿಂದೆ ಹೋಗಿ ನಿಂತೆ. ಕೈ ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು. ಎಷ್ಟು ಪೈಪು ಹೊರಗೆ ಬಿಡಬೇಕು ಎನ್ನುವಲ್ಲಿಗೆ ಬಂದಾಗ ಅವನು ಕನ್ನಡಕ ತೆಗೆದು ನೋಡಿದ, ಹಾಕಿ ನೋಡಿದ, ಬೆಳಕಿಗೆ ತಿರುಗಿಸಿ ನೋಡಿದ. ಮೊದಲ ಸಲ ಒತ್ತಿದ. ಬಾಯಿ ಉಬ್ಬಿತು. ಎರಡನೆಯ ಸಲ ಒತ್ತಲು ತಿರುಪು ತಿರುಗಿಸುವಾಗ ಅದರ ಮೊನೆ ನಡುವಿಗೆ ಕೂರದೆ ಒಂದು ಪಕ್ಕಕ್ಕೆ ವಾಲಿತು, ಬಾಯಿ ಸೀಳಿತು. ಸಂತೋಷ್ ಪರವಾಗಿಲ್ಲ ಅಂಕಲ್ ಎಂದು ಇನ್ನೊಂದು ಪೈಪು ಕೊಟ್ಟ. ಅದೂ ಹಾಗೆಯೇ ಸೀಳಿತು. ಅಣ್ಣ ಆ ಸೀಳಿದ ಬಾಯಿಯನ್ನು ಹೆಬ್ಬೆರಳಿನಿಂದ ಸವರಿ, ಅದನ್ನು ನನ್ನ ಕೈಗೆ ಕೊಟ್ಟ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ.

“ನೋಡು ಗಿರಿ, ಈಗ ನಿಜವಾಗ್ಲೂ ಬರಲ್ಲ ನಂಗೆ.”